ಪ್ರವೇಶದ್ವಾರದಲ್ಲಿ ಭಾಷೆ: ಕರಾವಳಿಯ ಉನ್ನತ ಶಿಕ್ಷಣದಲ್ಲಿ ಭಾಷಾಪರೀಕ್ಷೆಯ ಕೆಲವು ಚಾರಿತ್ರಿಕ ನೆಲೆಗಳು

ಉಡುಪಿಯಿಂದ ಉತ್ತರಕ್ಕೆ ಕುಂದಾಪುರದ ದಾರಿಯಲ್ಲಿ, ಕಲ್ಯಾಣಪುರಕ್ಕೆ ಹೊಂದಿಕೊಂಡಂತೆ ಇರುವ ಸಂತೆಕಟ್ಟೆ ಹೆಸರೇ ಹೇಳುವಂತೆ ಸಂತೆಯ ತಾಣ. ಇಲ್ಲಿಂದ ದಕ್ಷಿಣಕ್ಕೆ ತುಳು ಗಟ್ಟಿಯಾಗುತ್ತದೆ. ಸ್ವರ್ಣಾ ನದಿಯನ್ನು ದಾಟಿ ಬ್ರಹ್ಮಾವರದ ಆಚೆಗೆ ಸಾಗಿದಂತೆ ಕುಂದಗನ್ನಡ ಕಿವಿಗೆ ಬೀಳತೊಡಗುತ್ತದೆ. ಕ್ರೈಸ್ತರ ಹಾಗೂ ಗೌಡ ಸಾರಸ್ವತರ ಕೊಂಕಣಿ, ಮುಸಲ್ಮಾನರ ಬ್ಯಾರಿ ಮತ್ತು ಉರ್ದು ಇದೇ ಕಟ್ಟೆಯ ಸುತ್ತ ವ್ಯವಹಾರದಲ್ಲಿವೆ. ಕೊಳ್ಳುವವನೂ ಮಾರುವವನೂ ಎದುರಿಗಿರುವವರ ಭಾಷೆಯನ್ನು ಮೊದಲ ಮಾತಿನಲ್ಲೇ ಅಳೆದು ತಮ್ಮ ಭಾಷೆಯನ್ನು ಹೊಂದಿಸಿಕೊಳ್ಳುತ್ತಾರೆ. ಕಾಲೇಜಿನ ಬಾಗಿಲಿಗೆ ಬಂದ ವಿದ್ಯಾರ್ಥಿಯ ಭಾಷೆಯನ್ನು ವಿದ್ಯಾಸಂಸ್ಥೆಗಳು ಅಳೆದ ಬಗೆ ಬೇರೆಯದು. ಅದಕ್ಕೆ ನೂರ ಅರವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. ಅರ್ಹರನ್ನು ಒಳಗೆ ಬಿಟ್ಟು ಉಳಿದವರನ್ನು ಹೊರಗಿಡುವುದು ಪ್ರವೇಶಪರೀಕ್ಷೆ. ಒಳಗೆ ಬಂದವನಿಗೆ ಭಾಷೆ ಎಷ್ಟು ಬರುತ್ತದೆ, ಅವನನ್ನು ಯಾವ ತರಗತಿಯಲ್ಲಿ ಕೂರಿಸಬೇಕು ಎಂದು ನೋಡುವುದು ಹಂತನಿರ್ಣಯ ಪರೀಕ್ಷೆ. ಮೊದಲನೆಯದಕ್ಕೆ ಅಂಕ ಬೇಕು, ಎರಡನೆಯದಕ್ಕೆ ಅಂಕಕ್ಕಿಂತ ವಿವರ ಬೇಕು. ಕರಾವಳಿಯ ವಿದ್ಯಾರ್ಥಿಗೆ ಉದ್ದಕ್ಕೂ ದೊರೆತದ್ದು ಮೊದಲನೆಯದು ಮಾತ್ರ. ಎರಡನೆಯದರ ಅಗತ್ಯವನ್ನು ಒಪ್ಪಿಕೊಂಡಾಗಲೂ ಅದನ್ನು ಪರೀಕ್ಷೆಯಿಲ್ಲದೆ, ಘೋಷಣೆಯ ಮೂಲಕವೇ ಮುಗಿಸಲಾಗಿದೆ.

1857ರಲ್ಲಿ ಮದರಾಸು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ದಕ್ಷಿಣ ಕನ್ನಡ ಪ್ರದೇಶ ಮದರಾಸು ಆಧಿಪತ್ಯದಲ್ಲಿತ್ತು. ವಿಶ್ವವಿದ್ಯಾಲಯದ ಪ್ರವೇಶಕ್ಕೆ ಮೆಟ್ರಿಕ್ಯುಲೇಶನ್ ಪರೀಕ್ಷೆಯೇ ದ್ವಾರ. ಇಂಗ್ಲಿಷು ಕಡ್ಡಾಯ, ಅದರೊಂದಿಗೆ ಅಂಗೀಕೃತ ಪಟ್ಟಿಯಿಂದ ಇನ್ನೊಂದು ಭಾಷೆ. ಆ ಪಟ್ಟಿಯಲ್ಲಿ ಸಂಸ್ಕೃತ, ತಮಿಳು, ತೆಲುಗು, ಮಲಯಾಳಗಳ ಜೊತೆಗೆ ಕನ್ನಡಕ್ಕೂ ಸ್ಥಾನವಿತ್ತು. ತುಳುವಿಗೂ ಕೊಂಕಣಿಗೂ ಇರಲಿಲ್ಲ. ಹೀಗಾಗಿ ಉಡುಪಿಯ ಕಡೆಯ ಬಹುಪಾಲು ಹುಡುಗರು ತಮ್ಮ ಮನೆಮಾತಲ್ಲದ ಎರಡು ಭಾಷೆಗಳಲ್ಲಿ ಪರೀಕ್ಷೆಗೆ ಕುಳಿತರು, ಮತ್ತು ಅವುಗಳಲ್ಲೊಂದನ್ನು ದಾಖಲೆಗಳು 'ದೇಶಭಾಷೆ' ಎಂದು ಕರೆದವು. ಆಡಳಿತದ ದೃಷ್ಟಿಯಲ್ಲಿ ಇದು ಸರಳ ಏರ್ಪಾಡು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯ ಕನ್ನಡ ಶಾಲಾಪುಸ್ತಕಗಳನ್ನು ಒದಗಿಸುತ್ತಿತ್ತು. ಅದೇ ಮಿಶನ್ನಿನ ಪಾದ್ರಿಗಳು ತುಳುವಿಗೆ ವ್ಯಾಕರಣವನ್ನೂ (ಬ್ರಿಗೆಲ್, 1872) ನಿಘಂಟನ್ನೂ (ಮ್ಯಾನರ್, 1886) ಕಟ್ಟಿಕೊಟ್ಟರೆಂಬುದು ಗಮನಾರ್ಹ. ವ್ಯಾಕರಣ, ನಿಘಂಟುಗಳೆರಡೂ ಇದ್ದ ಭಾಷೆಯೊಂದು ಪರೀಕ್ಷೆಯ ಪಟ್ಟಿಗೆ ಬಾರದೆ ಉಳಿದುದಕ್ಕೆ ಭಾಷೆಯ ಕೊರತೆ ಕಾರಣವೆನ್ನಲಾಗದು.

ಇದರ ಪರಿಣಾಮ ಇಮ್ಮುಖದ್ದು. ಕರಾವಳಿಯ ಕನ್ನಡ 'ಪುಸ್ತಕದ ಕನ್ನಡ' ಎಂಬ ಮಾತು ಘಟ್ಟದ ಮೇಲೆ ಇಂದಿಗೂ ಪ್ರಚಲಿತ. ಹಲವೊಮ್ಮೆ ಅದರಲ್ಲಿ ಹಾಸ್ಯವೂ ಬೆರೆತಿರುತ್ತದೆ. ತುಳು ಅಥವಾ ಕೊಂಕಣಿಯ ಮಗು ಕನ್ನಡವನ್ನು ಶಾಲೆಯಲ್ಲಿ ಅಕ್ಷರದ ಮೂಲಕ ಕಲಿಯುವುದರಿಂದ ಅದರ ಬಾಯಲ್ಲಿ ಗ್ರಾಂಥಿಕ ರೂಪವೇ ನಿಲ್ಲುತ್ತದೆ. ಕುಂದಾಪುರದ ಮಗುವಿಗಾದರೋ ಮನೆಯಲ್ಲೂ ಕನ್ನಡವೇ. ಆದರೆ 'ಹೋಗಬೇಕು' ಎನ್ನುವಲ್ಲಿ 'ಹೋಯ್ಕ್', 'ಬರಬೇಕು' ಎನ್ನುವಲ್ಲಿ 'ಬರ್ಕ್' ಎನ್ನುವ ಅದರ ಕನ್ನಡ ಉತ್ತರಪತ್ರಿಕೆಯಲ್ಲಿ ತಪ್ಪಾಗುತ್ತದೆ. ಕನ್ನಡ ಮಾತೃಭಾಷೆಯವನಿಗೆ ಕನ್ನಡ ಪರೀಕ್ಷೆ ತೊಡಕಾಗಿ, ಅನ್ಯ ಮನೆಮಾತಿನವನಿಗೆ ಸಲೀಸಾಗುವ ಈ ವೈಚಿತ್ರ್ಯವನ್ನು ಮಾತೃಭಾಷಾ ಶಿಕ್ಷಣದ ಚರ್ಚೆಗಳು ಅಷ್ಟಾಗಿ ಗಮನಿಸಿಲ್ಲ. ಕನ್ನಡ ಪಠ್ಯಪುಸ್ತಕಗಳಿಗೆ ಹೊಸ ಜೀವ ತುಂಬಿದ ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿ; ಮಂಜೇಶ್ವರದ ಗೋವಿಂದ ಪೈಗಳದೂ (1883–1963) ಅದೇ. ಇವರನ್ನು ಅಪವಾದವೆಂದು ಬದಿಗಿಡುವುದು ಸುಲಭ. ವಾಸ್ತವದಲ್ಲಿ ಇವರು ಈ ಪ್ರದೇಶದ ಭಾಷಾಸ್ಥಿತಿಯ ಸಹಜ ಫಲಗಳು.

ಅಕ್ಷರದ ಹೊರಗೂ ಕನ್ನಡ ಕಲಿಯುವ ದಾರಿಗಳು ಇಲ್ಲಿದ್ದವು. ಐಗಳ ಮಠಗಳಲ್ಲಿ ಹೊಯಿಗೆಯ ಮೇಲೆ ಬೆರಳಾಡಿಸುತ್ತ ಅಕ್ಷರ ಕಲಿತವರು ಕಾವ್ಯವನ್ನು ಬಾಯಿಪಾಠ ಮಾಡುತ್ತಿದ್ದರು. ಅದಕ್ಕೂ ವ್ಯಾಪಕವಾದ ಶಾಲೆ ಯಕ್ಷಗಾನ. ಮನೆಯಲ್ಲಿ ತುಳುವನ್ನಾಡಿ ಗದ್ದೆಯಲ್ಲಿ ದುಡಿದವರು ರಾತ್ರಿಯಿಡೀ ಬಯಲಾಟದ ಮುಂದೆ ಕುಳಿತು ಪ್ರೌಢ ಕನ್ನಡವನ್ನು ಕೇಳಿ ಗ್ರಹಿಸಿದರು. ತಾಳಮದ್ದಲೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗೆ ಮಾತೇ ಸರ್ವಸ್ವ. ಎದುರಾಳಿಯ ಪ್ರಶ್ನೆಗೆ ತತ್‌ಕ್ಷಣ ಉತ್ತರಿಸಬೇಕಾದ ಆ ರಂಗ ಒಂದರ್ಥದಲ್ಲಿ ಬಹಿರಂಗ ಮೌಖಿಕ ಪರೀಕ್ಷೆಯೇ ಸರಿ. ಅನುಪ್ರಾಸಬದ್ಧ ಕನ್ನಡಕ್ಕೆ ಹೆಸರಾದ ಅರ್ಥಧಾರಿ ಕುಂಬ್ಳೆ ಸುಂದರ ರಾವ್ (1934–2022) ಅವರ ಮನೆಮಾತು ಮಲಯಾಳ. ಶಾಲಾ ಪ್ರಮಾಣಪತ್ರವೊಂದನ್ನೇ ನೋಡಿ ಅವರ ಕನ್ನಡವನ್ನು ಅಳೆಯಹೊರಟವನಿಗೆ ಏನೂ ತಿಳಿಯುತ್ತಿರಲಿಲ್ಲ. ಮೌಖಿಕ ಪರಂಪರೆಯ ಈ ಭಾಷಾಸಂಪತ್ತನ್ನು ಗುರುತಿಸುವ ಅಂಕಣ ಯಾವ ಪ್ರವೇಶಪತ್ರದಲ್ಲೂ ಇಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಈ ವೇಳೆಗೆ ಉಡುಪಿಯ ಸುತ್ತ ಉನ್ನತ ಶಿಕ್ಷಣ ಬೇರೂರುತ್ತಿತ್ತು: ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ, ಮಣಿಪಾಲದ ವೈದ್ಯಕೀಯ ಕಾಲೇಜು 1953ರಲ್ಲಿ, ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜು 1967ರಲ್ಲಿ, ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ. ಅದೇ 1980ರಲ್ಲಿ ಸರ್ಕಾರ ನೇಮಿಸಿದ ಗೋಕಾಕ್ ಸಮಿತಿ ಮರುವರ್ಷ ಸಲ್ಲಿಸಿದ ವರದಿ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದಿತು. ಆ ಚಳವಳಿಯ ಕಥೆ ಪ್ರಸಿದ್ಧ. ಇಲ್ಲಿ ಗಮನಿಸಬೇಕಾದುದಿಷ್ಟೇ: ಪ್ರಥಮ ಭಾಷೆಯ ಆಯ್ಕೆ ಕುಟುಂಬಗಳ ಕೈಯಲ್ಲುಳಿದುದರಿಂದ, ಕನ್ನಡವನ್ನು ಸಲೀಸಾಗಿ ಆಡಬಲ್ಲ, ಆದರೆ ಕನ್ನಡದಲ್ಲಿ ಒಂದು ಪುಟ ಬರೆಯಲಾರದ ವಿದ್ಯಾರ್ಥಿವರ್ಗವೊಂದು ಇಂಗ್ಲಿಷು ಮಾಧ್ಯಮದ ಶಾಲೆಗಳಿಂದ ಕಾಲೇಜಿಗೆ ಬರತೊಡಗಿತು.

ಈ ವರ್ಗದ ಸಮಸ್ಯೆ ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಲ್ಲವರಿಗೆ 'ಕನ್ನಡ ಮನಸು', ಬಾರದವರಿಗೆ 'ಕನ್ನಡ ಕಲಿ' ಎಂದು ಎರಡು ಪಠ್ಯಗಳನ್ನು ಇಟ್ಟಿತು. ಮುಂದೆ ಅವು 'ಸಾಂಸ್ಕೃತಿಕ ಕನ್ನಡ' ಮತ್ತು 'ಬಳಕೆ ಕನ್ನಡ' ಎಂಬ ಹೆಸರುಗಳನ್ನು ಪಡೆದವು. ಕಾರ್ಕಳ ತಾಲೂಕಿನ ನಿಟ್ಟೆ (1986), ಕಾಪು ಸಮೀಪದ ಬಂಟಕಲ್ಲು (2010) ಮುಂತಾದ ಕಡೆಗಳ ತಾಂತ್ರಿಕ ಕಾಲೇಜುಗಳೂ ಈ ವ್ಯವಸ್ಥೆಯನ್ನು ಕಂಡವು. ಕರ್ನಾಟಕದ ಉನ್ನತ ಶಿಕ್ಷಣದಲ್ಲಿ ಹಂತನಿರ್ಣಯಕ್ಕೆ ಅತ್ಯಂತ ಸಮೀಪ ಬಂದ ಏರ್ಪಾಡು ಇದೇ, ಮತ್ತು ಅದರ ಉದ್ದೇಶ ಪ್ರಶಂಸನೀಯ. ಆದರೆ ವಿಭಾಗ ಎರಡೇ. ಪದವಿಯ ಮಟ್ಟದಲ್ಲಿ ಸಾಹಿತ್ಯ ಓದಬಲ್ಲವನು ಒಂದು ಕಡೆ, ವರ್ಣಮಾಲೆಯಿಂದ ಆರಂಭಿಸಬೇಕಾದವನು ಇನ್ನೊಂದು ಕಡೆ. ತುಳು ಮನೆಮಾತಿನ, ಕನ್ನಡ ಆಡಬಲ್ಲ, ಶಾಲೆಯಲ್ಲಿ ಹಿಂದಿ ಅಥವಾ ಸಂಸ್ಕೃತ ಓದಿಬಂದ ಸಂತೆಕಟ್ಟೆಯ ವಿದ್ಯಾರ್ಥಿ ಎರಡನೆಯ ತರಗತಿಯಲ್ಲಿ ಹೊರರಾಜ್ಯದವನ ಪಕ್ಕ ಕುಳಿತರೆ 'ನಿಮ್ಮ ಹೆಸರೇನು' ಎಂಬ ಪಾಠ ಅವನಿಗೆ ವ್ಯರ್ಥ. ಮೊದಲನೆಯದರಲ್ಲಿ ಕುಳಿತರೆ ವಚನದ ಪಾಠವನ್ನು ಕಿವಿಯಿಂದ ಅರ್ಥಮಾಡಿಕೊಂಡರೂ ಉತ್ತರ ಬರೆಯಲಾರ. ಕೇಳುವುದು, ಆಡುವುದು, ಓದುವುದು, ಬರೆಯುವುದು ಎಂಬ ನಾಲ್ಕನ್ನೂ ಬೇರೆಬೇರೆಯಾಗಿ ಅಳೆಯುವ ಸಣ್ಣ ಪರೀಕ್ಷೆಯೊಂದು ಇವನಿಗೆ ಬೇಕಿತ್ತು. ಭಾಷಾಪರೀಕ್ಷೆಗೆ ಸುದೀರ್ಘ ಪರಂಪರೆಯಿರುವ ಕೇಂಬ್ರಿಜ್ ಕೂಡ 1913ರಲ್ಲಿ ತನ್ನ ಮೊದಲ ಇಂಗ್ಲಿಷು ಪ್ರಾವೀಣ್ಯ ಪರೀಕ್ಷೆಯನ್ನು ನಡೆಸಿದಾಗ ಕುಳಿತ ಮೂವರಲ್ಲಿ ಒಬ್ಬರೂ ಉತ್ತೀರ್ಣರಾಗಲಿಲ್ಲ. ಆದರೂ ಅದು ಪರೀಕ್ಷೆಯನ್ನು ಕೈಬಿಡಲಿಲ್ಲ. ಕಾಲಕಾಲಕ್ಕೆ ತಿದ್ದುತ್ತ ಬಂದಿತು. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲೇ ಇದ್ದೂ ಕನ್ನಡಕ್ಕೆ ಅಂಥದೊಂದು ಹಂತನಿರ್ಣಯ ಪರೀಕ್ಷೆ ಕಾಲೇಜುಗಳಲ್ಲಿ ವಾಡಿಕೆಗೆ ಬಾರದೆ ಹೋದದ್ದು ಸಂಪನ್ಮೂಲದ ಕೊರತೆಯಿಂದಲ್ಲ, ಆಸಕ್ತಿಯ ಕೊರತೆಯಿಂದ.

2021ರ ಆಗಸ್ಟಿನಲ್ಲಿ ಸರ್ಕಾರ ಪದವಿ ತರಗತಿಗಳಿಗೆ ಕನ್ನಡವನ್ನು ಕಡ್ಡಾಯಗೊಳಿಸಿದಾಗಲೂ ಕನ್ನಡ ಓದದವರಿಗೆ ಬೇರೆ ಪಠ್ಯವನ್ನು ಸೂಚಿಸಲಾಗಿತ್ತು. ಆದೇಶ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಕಡ್ಡಾಯದ ಅಂಶಕ್ಕೆ ಮಧ್ಯಂತರ ತಡೆ ಬಿತ್ತು. ವಾದವೆಲ್ಲ ಕಡ್ಡಾಯವೋ ಅಲ್ಲವೋ ಎಂಬುದರ ಸುತ್ತಲೇ ನಡೆಯಿತು.

ಅಳೆಯುವ ಪರೀಕ್ಷೆ ನಿಜವಾಗಿ ಇರುವುದು ಗಡಿಯಾಚೆಯವರಿಗೆ. ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯ (1994) ನಿಯಮಗಳಲ್ಲಿ ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಹಾಗೆಯೇ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿ ಏಳು ವರ್ಷ ವಾಸವಿದ್ದು ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಅಭ್ಯರ್ಥಿಗಳು ಇಲ್ಲಿನ ಸೀಟಿಗೆ ಅರ್ಹರು. ಆದರೆ ಅವರು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಬರೆದು ಕನಿಷ್ಠ 12 ಅಂಕ ಗಳಿಸಬೇಕು. ಪ್ರಶ್ನೆಗಳು ಪ್ರಾಥಮಿಕ ಶಾಲೆಯ ಮಟ್ಟದವು. ಮಾತೃಭಾಷೆ ತುಳುವಾದರೂ ಆಗಬಹುದು, ಪರೀಕ್ಷೆ ಮಾತ್ರ ಕನ್ನಡದಲ್ಲಿ! ಮದರಾಸಿನ ಪಟ್ಟಿಯಲ್ಲಿ ಕಾಣದಿದ್ದ ತುಳುವಿಗೆ ಕರ್ನಾಟಕದ ನಿಯಮದಲ್ಲಿ ಹೆಸರು ಸಿಕ್ಕಿತು, ಪ್ರಶ್ನೆಪತ್ರಿಕೆ ಸಿಗಲಿಲ್ಲ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿದೆ, ತುಳು ಇನ್ನೂ ಸೇರಿಲ್ಲ. ಈ ಹಿನ್ನೆಲೆಯಲ್ಲಿ ನೋಡಿದರೆ ಪ್ರವೇಶನಿಯಮದಲ್ಲಿ ತುಳುವಿನ ಹೆಸರಿರುವುದು ಸಣ್ಣ ಮಾತಲ್ಲ.

ಕಾಸರಗೋಡಿನ ಅಭ್ಯರ್ಥಿಗೆ ಈ 12 ಅಂಕಗಳ ಬೆಲೆ ಬೇರೆ. ಕೇರಳದ 2017ರ ಕಾನೂನು ಅಲ್ಲಿನ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದ ಮೇಲೆ ಕನ್ನಡ ಮಾಧ್ಯಮವನ್ನು ಆರಿಸಿಕೊಳ್ಳುವ ಕುಟುಂಬಕ್ಕೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಮುಂದಿನ ಓದು ಸಾಧ್ಯವೆಂಬ ಭರವಸೆಯೂ ಒಂದು ಕಾರಣ. ಮಣಿಪಾಲದ ಆಸುಪಾಸಿನಲ್ಲಿ ಹುಟ್ಟಿ ಬೆಳೆದು ಕನ್ನಡದ ಒಂದು ವಾಕ್ಯವನ್ನೂ ಬರೆಯಲಾರದ ವಿದ್ಯಾರ್ಥಿಗೆ ಅದೇ ಸೀಟು ಭಾಷಾಪರೀಕ್ಷೆಯಿಲ್ಲದೆ ದೊರೆಯುತ್ತದೆ. ಮೊದಲು ಬೆಂಗಳೂರಿಗೆ ಹೋಗಿ ಬರೆಯಬೇಕಿದ್ದ ಈ ಪರೀಕ್ಷೆಗೆ ಇತ್ತೀಚಿನ ವರ್ಷಗಳಲ್ಲಿ ಮಂಗಳೂರೂ ಕೇಂದ್ರವಾಗಿದೆ. ಮಂಜೇಶ್ವರದ ಹುಡುಗಿಯೊಬ್ಬಳು ಈಗ ಬೆಳಗಿನ ರೈಲು ಹಿಡಿದು, ಪರೀಕ್ಷೆ ಬರೆದು, ಅದೇ ದಿನ ಮನೆಗೆ ಮರಳಬಹುದು.