ಕಂಪನಿ ಸ್ವಾಧೀನದಲ್ಲಿ ಸಾಂಸ್ಥಿಕ ಹೂಡಿಕೆದಾರರು: ಭಾರತದ ಇತಿಹಾಸ

ಕಂಪನಿಗಳಲ್ಲಿ ದೊಡ್ಡ ಪಾಲು ಹೊಂದಿರುವ ವಿಮಾ ನಿಗಮ, ಮ್ಯೂಚುವಲ್ ಫಂಡ್, ವಿದೇಶಿ ನಿಧಿಗಳನ್ನು ಸಾಂಸ್ಥಿಕ ಹೂಡಿಕೆದಾರರು ಎನ್ನುತ್ತಾರೆ. ಕಂಪನಿಯೊಂದರ ಹಿಡಿತ ಪಡೆಯಲು ಹೊರಗಿನವರು ಷೇರು ಖರೀದಿಗೆ ಇಳಿದಾಗ ಇವರ ಮುಂದೆ ಎರಡು ದಾರಿಗಳಿರುತ್ತವೆ: ಷೇರು ಉಳಿಸಿಕೊಂಡು ಸಭೆಯಲ್ಲಿ ಮತ ಹಾಕುವುದು, ಇಲ್ಲವೇ ಬಂದ ಬೆಲೆಗೆ ಷೇರು ಮಾರುವುದು. ಭಾರತದಲ್ಲಿ 1980ರ ದಶಕದ ಹೋರಾಟಗಳು ಮತದ ಸುತ್ತ ನಡೆದವು. ನಂತರ ನಿರ್ಣಾಯಕವಾದದ್ದು ಮಾರಾಟದ ತೀರ್ಮಾನ.

ಹಿನ್ನೆಲೆ

1956ರಲ್ಲಿ ಸ್ಥಾಪನೆಯಾದ ಜೀವ ವಿಮಾ ನಿಗಮ (ಎಲ್‌ಐಸಿ), 1964ರಲ್ಲಿ ಆರಂಭವಾದ ಯೂನಿಟ್ ಟ್ರಸ್ಟ್ (ಯುಟಿಐ) ಮತ್ತು ಸಾಲ ನೀಡುವ ಸರ್ಕಾರಿ ಹಣಕಾಸು ಸಂಸ್ಥೆಗಳು ಖಾಸಗಿ ಉದ್ಯಮಗಳಲ್ಲಿ ಅಪಾರ ಷೇರು ಹೊಂದಿದ್ದವು. ಹಲವೆಡೆ ಪ್ರವರ್ತಕ ಕುಟುಂಬದ ಪಾಲು ಅಲ್ಪ. ಸಂಸ್ಥೆಗಳು ಸುಮ್ಮನಿದ್ದುದರಿಂದಲೇ ಆ ಕುಟುಂಬಗಳ ಆಡಳಿತ ನಡೆಯುತ್ತಿತ್ತು.

ಎಸ್ಕಾರ್ಟ್ಸ್ ಪ್ರಕರಣ

1983ರಲ್ಲಿ ಬ್ರಿಟನ್ನಿನ ಉದ್ಯಮಿ ಸ್ವರಾಜ್ ಪಾಲ್ ಎಸ್ಕಾರ್ಟ್ಸ್ ಮತ್ತು ಡಿಸಿಎಂ ಕಂಪನಿಗಳ ಷೇರು ಖರೀದಿಸಿದರು. ಅವುಗಳನ್ನು ಅವರ ಕಡೆಯ ಸಂಸ್ಥೆಗಳ ಹೆಸರಿಗೆ ವರ್ಗಾಯಿಸಲು ಎಸ್ಕಾರ್ಟ್ಸ್ ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿತು. ಆ ಕಂಪನಿಯ ಅರ್ಧಕ್ಕೂ ಹೆಚ್ಚು ಷೇರು ಸರ್ಕಾರಿ ಹಣಕಾಸು ಸಂಸ್ಥೆಗಳ ಕೈಯಲ್ಲಿತ್ತು. 1984ರಲ್ಲಿ ಎಲ್‌ಐಸಿ, ಒಂಬತ್ತು ನಿರ್ದೇಶಕರನ್ನು ತೆಗೆಯಲು ಸಭೆ ಕರೆಯುವಂತೆ ನೋಟಿಸ್ ನೀಡಿತು. ಬಾಂಬೆ ಹೈಕೋರ್ಟ್ ಎಸ್ಕಾರ್ಟ್ಸ್ ಪರ ತೀರ್ಪಿತ್ತರೂ 1985ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಸರ್ಕಾರಿ ನಿಗಮಕ್ಕೂ ಉಳಿದ ಷೇರುದಾರರಷ್ಟೇ ಹಕ್ಕಿದೆ, ನಿರ್ದೇಶಕರನ್ನು ಏಕೆ ತೆಗೆಯುತ್ತಿದ್ದೇನೆಂದು ಅದು ಕಾರಣ ಹೇಳಬೇಕಾಗಿಲ್ಲ ಎಂಬುದು ತೀರ್ಪಿನ ಸಾರ. ಕೊನೆಗೆ ಪಾಲ್ ಹಿಂದೆ ಸರಿದರು. ತೀರ್ಪು ಮಾತ್ರ ಕಂಪನಿ ಕಾನೂನಿನಲ್ಲಿ ನೆಲೆಯೂರಿತು.

ಲಾರ್ಸನ್ ಅಂಡ್ ಟೂಬ್ರೊ (ಎಲ್ ಅಂಡ್ ಟಿ)

1988ರಲ್ಲಿ ಸರ್ಕಾರಿ ಸಂಸ್ಥೆಗಳ ವಶದಲ್ಲಿದ್ದ ಎಲ್ ಅಂಡ್ ಟಿ ಷೇರುಗಳು ಬ್ಯಾಂಕ್ ಆಫ್ ಬರೋಡಾದ ಅಂಗಸಂಸ್ಥೆಯೊಂದರ ಮೂಲಕ ರಿಲಯನ್ಸ್ ಬಳಗಕ್ಕೆ ಸೇರಿದವು. 1989ರಲ್ಲಿ ರಿಲಯನ್ಸ್‌ನ ಧೀರೂಭಾಯಿ ಅಂಬಾನಿ ಎಲ್ ಅಂಡ್ ಟಿ ಅಧ್ಯಕ್ಷರಾದರು. ಷೇರು ಮಾರಾಟ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಯಿತು. ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ ಎಲ್‌ಐಸಿ, ಆಡಳಿತ ಮಂಡಳಿಯನ್ನು ಬದಲಿಸಲು ಷೇರುದಾರರ ಸಭೆಗೆ ಒತ್ತಾಯಿಸಿತು. ಮತದಾನ ನಡೆಯುವ ಮೊದಲೇ, 1990ರ ಏಪ್ರಿಲಿನಲ್ಲಿ, ಅಂಬಾನಿ ರಾಜೀನಾಮೆ ಕೊಟ್ಟರು. ಸಂಸ್ಥೆಗಳ ಮತ ದೆಹಲಿಯ ಅಧಿಕಾರದೊಂದಿಗೆ ಮಗ್ಗುಲು ಬದಲಿಸಿತೆಂಬ ಟೀಕೆಗೆ ಈ ಪ್ರಕರಣ ಎಡೆಮಾಡಿತು.

ಸೆಬಿ ನಿಯಮಗಳು

1992ರಲ್ಲಿ ಶಾಸನಬದ್ಧ ಅಧಿಕಾರ ಪಡೆದ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ, 1994ರಲ್ಲಿ ಸ್ವಾಧೀನ ನಿಯಮ ರೂಪಿಸಿತು. ಪಿ.ಎನ್. ಭಗವತಿ ಸಮಿತಿಯ ಶಿಫಾರಸಿನಂತೆ 1997ರಲ್ಲೂ, ಅಚ್ಯುತನ್ ಸಮಿತಿಯ ಶಿಫಾರಸಿನ ಮೇಲೆ 2011ರಲ್ಲೂ ಹೊಸ ನಿಯಮಗಳು ಬಂದವು. 2011ರ ನಿಯಮದಂತೆ ಶೇ 25ರಷ್ಟು ಮತದ ಹಕ್ಕು ಪಡೆಯುವವರು ಉಳಿದ ಷೇರುದಾರರಿಂದ ಕನಿಷ್ಠ ಶೇ 26ರಷ್ಟು ಷೇರು ಕೊಳ್ಳುವ ಬಹಿರಂಗ ಪ್ರಸ್ತಾಪ (ಓಪನ್ ಆಫರ್) ನೀಡಬೇಕು. ಈ ಆಫರನ್ನು ಒಪ್ಪಲು ಸಭೆಯ ಮತ ಬೇಕಿಲ್ಲ. ಷೇರು ಮಾರುವುದೇ ಒಪ್ಪಿಗೆ. ಆದರೆ ಆ ಅವಧಿಯಲ್ಲಿ ಗುರಿಯಾದ ಕಂಪನಿ ಷೇರು ಮರುಖರೀದಿಗೆ ಮುಂದಾದರೆ ವಿಶೇಷ ನಿರ್ಣಯ ಬೇಕು, ಅಂದರೆ ವಿರುದ್ಧ ಬಿದ್ದ ಮತಗಳ ಮೂರು ಪಟ್ಟಾದರೂ ಪರವಾಗಿ ಬೀಳಬೇಕು.

ಮೈಂಡ್‌ಟ್ರೀ, 2019

ಬೆಂಗಳೂರಿನ ಐಟಿ ಕಂಪನಿ ಮೈಂಡ್‌ಟ್ರೀ ಪ್ರಕರಣದಲ್ಲಿ ಈ ನಿಯಮಗಳ ಪರಿಣಾಮ ಸ್ಪಷ್ಟವಾಗಿ ಕಂಡಿತು. ಹಿಂದೆ ತಾನೇ ಗುರಿಯಾಗಿದ್ದ ಎಲ್ ಅಂಡ್ ಟಿ ಈ ಸಲ ಸ್ವಾಧೀನಕ್ಕೆ ಹೊರಟಿತ್ತು. 2019ರ ಮಾರ್ಚಿನಲ್ಲಿ ಅದು ವಿ.ಜಿ. ಸಿದ್ಧಾರ್ಥ ಮತ್ತು ಕಾಫಿ ಡೇ ಬಳಗದ ಶೇ 20.32ರಷ್ಟು ಪಾಲನ್ನು ಷೇರಿಗೆ ₹980ರಂತೆ ಕೊಳ್ಳಲು ಒಪ್ಪಂದ ಮಾಡಿಕೊಂಡು, ಅದೇ ಬೆಲೆಗೆ ಶೇ 31ಕ್ಕೆ ಓಪನ್ ಆಫರ್ ಪ್ರಕಟಿಸಿತು. ಸಂಸ್ಥಾಪಕರು ಬಲವಾಗಿ ವಿರೋಧಿಸಿದರು; ಆದರೆ ಅವರ ಪಾಲು ಸುಮಾರು ಶೇ 13 ಮಾತ್ರ. ಮರುಖರೀದಿಯ ಯೋಚನೆಯನ್ನು ಆಡಳಿತ ಮಂಡಳಿ ಕೈಬಿಟ್ಟಿತು. ಸ್ವತಂತ್ರ ನಿರ್ದೇಶಕರ ಸಮಿತಿ ಬೆಲೆ ನ್ಯಾಯಸಮ್ಮತವೆಂದಿತು. ಸುಮಾರು ಶೇ 10ರಷ್ಟು ಪಾಲು ಹೊಂದಿದ್ದ ಹೂಡಿಕೆ ನಿಧಿ ನಳಂದಾ ಕ್ಯಾಪಿಟಲ್, ಮೊದಲು ಸಂಸ್ಥಾಪಕರ ಪರವಿದ್ದರೂ, ಜೂನ್‌ನಲ್ಲಿ ತನ್ನ ಷೇರು ಒಪ್ಪಿಸಿತು. ಮಾರುಕಟ್ಟೆಯಲ್ಲಿ ಕೊಂಡ ಷೇರುಗಳೂ ಸೇರಿ ಎಲ್ ಅಂಡ್ ಟಿ ಪಾಲು ಶೇ 60ಕ್ಕೇರಿತು. ಜುಲೈನಲ್ಲಿ ಕೃಷ್ಣಕುಮಾರ್ ನಟರಾಜನ್ ಸೇರಿ ಮೂವರು ಸಂಸ್ಥಾಪಕರು ಹುದ್ದೆ ತೊರೆದರು. 2022ರಲ್ಲಿ ಕಂಪನಿ ಎಲ್ ಅಂಡ್ ಟಿ ಬಳಗದ ಎಲ್‌ಟಿಐ ಜೊತೆ ವಿಲೀನವಾಯಿತು.

ಈಚಿನ ಬದಲಾವಣೆ

ಮ್ಯೂಚುವಲ್ ಫಂಡ್‌ಗಳು ತಮ್ಮ ಮತದ ವಿವರ ಪ್ರಕಟಿಸಬೇಕೆಂದು ಸೆಬಿ 2010ರಲ್ಲಿ ಸೂಚಿಸಿತು. 2022ರ ಏಪ್ರಿಲಿನಿಂದ ಎಲ್ಲ ನಿರ್ಣಯಗಳ ಮೇಲೂ ಅವು ಮತ ಹಾಕುವುದು ಕಡ್ಡಾಯ. ಹೀಗೆ ಅವುಗಳಿಗೆ ಸಭೆಯಲ್ಲಿ ಮೌನವಾಗಿರುವ ಅವಕಾಶ ಇಲ್ಲವಾಯಿತು. ಓಪನ್ ಆಫರ್‌ನಲ್ಲಿ ಷೇರು ಮಾರಬೇಕೇ, ಉಳಿಸಿಕೊಳ್ಳಬೇಕೇ ಎಂಬ ತೀರ್ಮಾನ ಮಾತ್ರ ಈಗಲೂ ನಿಧಿಗಳಿಗೇ ಬಿಟ್ಟದ್ದು.