ಮೂಟೆಯಿಲ್ಲದ ಧಾನ್ಯ

ಧಾನ್ಯವನ್ನು ಕೂಡಿಡುವ ಉಪಾಯಗಳನ್ನು ಮನುಷ್ಯನು ಬಹು ಪೂರ್ವದಲ್ಲಿಯೇ ಕಂಡುಕೊಂಡನಾದರೂ, ಕೂಡಿಟ್ಟುದನ್ನು ಹೊರತೆಗೆಯುವ ಕೆಲಸವನ್ನು ಶತಮಾನಗಳ ಕಾಲ ತನ್ನ ತೋಳಿಗೂ ಬೆನ್ನಿಗೂ ಬಿಟ್ಟುಕೊಟ್ಟಿದ್ದನು. ನಮ್ಮ ಬಯಲುಸೀಮೆಯ ಹಗೇವುಗಳಲ್ಲಿ ಜೋಳವು ಕೆಡದೆ ಬಹುಕಾಲ ಉಳಿಯುತ್ತಿದ್ದಿತು; ಆದರೆ ಹಗೇವಿನ ಬಾಯಿ ತೆರೆದಾಗ, ಒಳಗೆ ಕಟ್ಟಿಕೊಂಡಿದ್ದ ವಿಷಗಾಳಿಯು ಹೊರಟುಹೋಗುವವರೆಗೆ ಕಾದಿದ್ದು, ಆ ಬಳಿಕ ಒಬ್ಬನು ಕೆಳಗಿಳಿದು ಬುಟ್ಟಿ ಬುಟ್ಟಿಯಾಗಿ ತುಂಬಿ ಮೇಲಕ್ಕೆ ಕೊಡುವುದಲ್ಲದೆ ಬೇರೆ ದಾರಿ ಇರಲಿಲ್ಲ. ಲೋಕದ ಎಲ್ಲ ಬಂದರುಗಳಲ್ಲಿಯೂ ಸ್ಥೂಲವಾಗಿ ನಡೆಯುತ್ತಿದ್ದುದು ಇದೇ ಕ್ರಮ. ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ, ಸರೋವರದ ದಂಡೆಯ ಒಂದು ಊರಿನಲ್ಲಿ, ಈ ಶ್ರಮವು ಯಂತ್ರದ ಪಾಲಿಗೆ ಬಂದಿತು. ಅದರೊಡನೆ ಧಾನ್ಯಕ್ಕೂ ಅದರ ಒಡೆಯನಿಗೂ ಇದ್ದ ಹಳೆಯ ಸಂಬಂಧವು ಕಡಿದುಹೋದುದು ಆ ಯಂತ್ರವನ್ನು ನಿಲ್ಲಿಸಿದವರು ಎಣಿಸಿಯೂ ಇರದಿದ್ದ ಪರಿಣಾಮ.

ಯಂತ್ರದ ಮೂಲಕಲ್ಪನೆ ಹಿಟ್ಟಿನ ಗಿರಣಿಯಿಂದ ಬಂದುದು. ಡೆಲವೇರ್ ಪ್ರಾಂತದ ಆಲಿವರ್ ಇವಾನ್ಸನೆಂಬ ಯಂತ್ರಶಿಲ್ಪಿಯು 1780ರ ದಶಕದಲ್ಲಿ, ಒಂದು ಕಡೆಯಲ್ಲಿ ಸುರಿದ ಗೋಧಿಯು ನಡುವೆ ಮನುಷ್ಯನ ಕೈ ಸೋಂಕದೆಯೇ ಇನ್ನೊಂದು ಕಡೆಯಲ್ಲಿ ಹಿಟ್ಟಾಗಿ ಹೊರಬೀಳುವಂತಹ ಗಿರಣಿಯೊಂದನ್ನು ರಚಿಸಿದನು. ಅದರ ಮುಖ್ಯಾಂಗವಾದ ಎತ್ತುಗೆಯ ಸಾಧನವು ಅತ್ಯಂತ ಸರಳವಾದುದು: ಮೇಲೊಂದು ಕೆಳಗೊಂದು ರಾಟೆ, ಅವೆರಡನ್ನೂ ಬಳಸಿ ತಿರುಗುವ ತೊಗಲಿನ ಪಟ್ಟಿ, ಆ ಪಟ್ಟಿಯ ಉದ್ದಕ್ಕೂ ಮೊಳೆ ಹೊಡೆದು ಕೂರಿಸಿದ ಸಣ್ಣ ಬೋಗುಣಿಗಳು. ಕೆಳಗೆ ಧಾನ್ಯದಲ್ಲಿ ಮುಳುಗಿ ತುಂಬಿಕೊಂಡ ಬೋಗುಣಿಯು ಮೇಲೇರಿ, ರಾಟೆಯನ್ನು ಸುತ್ತುವಾಗ ಬೋರಲಾಗಿ ತಾನಾಗಿಯೇ ಬರಿದಾಗಿ, ಮತ್ತೆ ತುಂಬಿಕೊಳ್ಳಲೆಂದು ಕೆಳಗಿಳಿಯುವುದು. ಇವಾನ್ಸನು 1790ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದು, 1795ರಲ್ಲಿ ಗಿರಣಿಕಾರರಿಗಾಗಿ ಗ್ರಂಥವೊಂದನ್ನೂ ಪ್ರಕಟಿಸಿದನು. ಆ ಹಕ್ಕಿನ ವಿಷಯವಾಗಿ ಬಹುಕಾಲ ವ್ಯಾಜ್ಯಗಳು ನಡೆದುವು. 1813ರಲ್ಲಿ ಥಾಮಸ್ ಜೆಫರ್ಸನ್ನನು ಕಾಗದವೊಂದನ್ನು ಬರೆದು, ಇದು ಬಾವಿಯಿಂದ ನೀರೆತ್ತುವ ಪುರಾತನ ಪಾರಸಿಕ ಚಕ್ರವೇ ಹೊರತು ಬೇರೆಯಲ್ಲವೆಂದೂ, ನೀರಿನ ಬದಲಿಗೆ ಧಾನ್ಯವನ್ನೆತ್ತಿದ ಮಾತ್ರದಿಂದ ಅದು ನೂತನಸೃಷ್ಟಿಯಾಗಲಾರದೆಂದೂ ವಾದಿಸಿದನು. ಘಟೀಯಂತ್ರದ ಗಡಿಗೆಗಳು ತುಂಬುತ್ತ ಬರಿದಾಗುತ್ತ ತಿರುಗುವುದನ್ನು ಸಂಸಾರಕ್ಕೆ ದೃಷ್ಟಾಂತವಾಗಿ ಕೇಳಿ ಬೆಳೆದ ನಮಗೆ ಈ ವಾದವು ಒಡನೆಯೇ ಒಪ್ಪಿತವಾಗುವಂತಹುದು. ಆದರೂ, ತನ್ನ ಸ್ವಂತ ಗಿರಣಿಯಲ್ಲಿ ಇವಾನ್ಸನ ಸಾಧನಗಳನ್ನು ಕೂರಿಸಿ ಅವುಗಳಿಗೆ ಹಣವನ್ನೂ ತೆತ್ತಿದ್ದ ಜೆಫರ್ಸನ್ನನ ಬಾಯಲ್ಲಿ ಅದು ಅಷ್ಟೇನೂ ಶೋಭಿಸುವುದಿಲ್ಲವೆಂದು ನನಗೆ ತೋರುತ್ತದೆ.

ಗಿರಣಿಯೊಳಗೆ ಅರ್ಧ ಶತಮಾನ ತಿರುಗಿದ ಈ ಬೋಗುಣಿಮಾಲೆಯನ್ನು ಹಡಗಿನ ಒಡಲಿಗೆ ಇಳಿಸಿದುದು ಬಫೆಲೋ ನಗರದಲ್ಲಿ. 1825ರಲ್ಲಿ ಈರೀ ಕಾಲುವೆಯು ತೆರೆದ ಮೇಲೆ, ಪಶ್ಚಿಮದ ಹೊಸ ಹೊಲಗಳ ಗೋಧಿಯು ಸರೋವರದ ಹಾಯಿಹಡಗುಗಳಲ್ಲಿ ಬಂದು, ಮುಂದೆ ನಯಾಗರ ಜಲಪಾತವು ಅಡ್ಡವಾಗಿರುವುದರಿಂದ ಇಲ್ಲಿ ಇಳಿದು, ಕಾಲುವೆಯ ದೋಣಿಗಳನ್ನೇರಿ ನ್ಯೂಯಾರ್ಕಿಗೆ ಹೋಗಬೇಕಾಗಿದ್ದಿತು. ಹಡಗಿನಲ್ಲಿ ರಾಶಿಯಾಗಿ ಬಿದ್ದಿದ್ದ ಗೋಧಿಯನ್ನು ಪೀಪಾಯಿಗಳಿಗೆ ತೋಡಿ, ಹಗ್ಗ ರಾಟೆಗಳಿಂದ ಮೇಲಕ್ಕೆಳೆದು, ತೂಗಿ, ಕೂಲಿಯವರು ಹೆಗಲ ಮೇಲೆ ಹೊತ್ತು ಮಳಿಗೆಗೆ ಸಾಗಿಸುತ್ತಿದ್ದರು. ಮಳೆ ಬಂದರೆ ಕೆಲಸ ನಿಂತಿತು. ಬಿರುಗಾಳಿ ಬೀಸಿದರೂ ನಿಂತಿತು. ಸರದಿಗಾಗಿ ಕಾದು ನಿಂತ ಹಡಗುಗಳ ಸಾಲು ಬೆಳೆಯುತ್ತಲೇ ಇದ್ದಿತು.

ಕನೆಕ್ಟಿಕಟ್ ಪ್ರಾಂತದಿಂದ ಬಂದು ಈ ಊರಿನಲ್ಲಿ ನೆಲಸಿದ್ದ ಜೋಸೆಫ್ ಡಾರ್ಟ್ ಎಂಬ ವರ್ತಕನು, ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಡನ್‌ಬಾರ್ ಎಂಬ ಯಂತ್ರಜ್ಞನ ಸಹಾಯದಿಂದ, ಉಗಿಯಂತ್ರದ ಬಲದಿಂದ ನಡೆಯುವ ಎಲಿವೇಟರನ್ನು, ಎಂದರೆ ಧಾನ್ಯವನ್ನೆತ್ತಿ ಕೂಡಿಡುವ ಕಟ್ಟಡವನ್ನು, 1842ರಲ್ಲಿ ಕಟ್ಟಿಸಿದನು. ಅದರ ಕಣಜಗಳ ಒಟ್ಟು ಹಿಡಿತ 55,000 ಬುಷೆಲ್; ಒಂದು ಬುಷೆಲ್ ಗೋಧಿಯೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು 27 ಕಿಲೋಗ್ರಾಮ್. ಡಾರ್ಟನು ತನ್ನ ವೃದ್ಧಾಪ್ಯದಲ್ಲಿ, 1865ರಲ್ಲಿ, ಅಲ್ಲಿನ ಇತಿಹಾಸ ಸಂಘದ ಮುಂದೆ ಓದಿದ ಲೇಖನದಲ್ಲಿ, ಇವಾನ್ಸನ ಋಣವನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದಾನೆ. ಕಟ್ಟಡ ಏಳುತ್ತಿದ್ದಾಗ ಮಹ್ಲಾನ್ ಕಿಂಗ್‌ಮನ್ ಎಂಬ ಸಮವ್ಯಾಪಾರಿಯು ಬಂದು, ತಾನೂ ಇದನ್ನು ಪ್ರಯತ್ನಿಸಿ ಕೈಸುಟ್ಟುಕೊಂಡವನೆಂದೂ, ಐರಿಷ್ ಕೂಲಿಗಳ ಬೆನ್ನಿಗಿಂತ ಅಗ್ಗವಾದ ಎಲಿವೇಟರು ಲೋಕದಲ್ಲಿಲ್ಲವೆಂದೂ ಕನಿಕರದಿಂದ ಎಚ್ಚರಿಸಿದನೆಂಬುದನ್ನೂ ಅದೇ ಲೇಖನವು ತಿಳಿಸುತ್ತದೆ. ಕಿಂಗ್‌ಮನ್ನನು ಮೂರ್ಖನಾಗಿರಲಿಲ್ಲ, ಅವನು ಒಂದು ಬುಷೆಲಿಗೆ ತಗಲುವ ಕೂಲಿಯನ್ನು ಲೆಕ್ಕ ಹಾಕಿದ್ದನೇ ಹೊರತು ಬಂದರಿನಲ್ಲಿ ಸುಮ್ಮನೆ ನಿಂತ ಹಡಗಿನ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಡಾರ್ಟನ ಬೋಗುಣಿಗಳು ಮೊದಲು 28 ಅಂಗುಲಕ್ಕೊಂದರಂತೆ ಕೂತು ಗಂಟೆಗೆ 600 ಬುಷೆಲ್ ಎತ್ತಿದುವು. ಅಂತರವನ್ನು ಕಡಿಮೆ ಮಾಡಿದಂತೆಲ್ಲ ಆ ಮೊತ್ತವು ಸಾವಿರವನ್ನು ದಾಟಿತು. ಜಾನ್ ಬಿ. ಸ್ಕಿನ್ನರ್ ಎಂಬ ಹಡಗು ಒಂದು ಮಧ್ಯಾಹ್ನ 4,000 ಬುಷೆಲ್ ಗೋಧಿಯೊಡನೆ ಬಂದು, ಬರಿದಾಗಿ, ಭಾರಕ್ಕೆಂದು ಉಪ್ಪನ್ನು ತುಂಬಿಕೊಂಡು ಅದೇ ಸಂಜೆ ಹೊರಟು, ಒಹೈಯೋದ ಮಿಲಾನ್ ಊರಿಗೆ ಹೋಗಿ ಮತ್ತೊಂದು ಹೊರೆಯನ್ನು ತಂದಿಳಿಸಿ, ಎರಡನೆಯ ಸಲ ಮಿಲಾನಿಗೆ ಮರಳುವಾಗ, ಮೊದಲ ಸಲ ತನ್ನ ಜೊತೆಗೆ ಬಂದಿದ್ದ ಹಡಗುಗಳು ಆಗತಾನೆ ಬಂದರು ಬಿಡುತ್ತಿದ್ದುದನ್ನು ಕಂಡಿತಂತೆ. ಆ ಮೇಲೆ ವಾದಕ್ಕೆ ಎಡೆಯೆಲ್ಲಿ? ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬಫೆಲೋದ ತೀರವು ಇಂತಹ ಕಟ್ಟಡಗಳಿಂದ ತುಂಬಿಹೋಯಿತು. 1861ರಲ್ಲಿ ಅಲ್ಲಿಗೆ ಬಂದ ಆಂಗ್ಲ ಕಾದಂಬರಿಕಾರ ಆಂಥೊನಿ ಟ್ರಾಲಪ್ ಇವುಗಳನ್ನು ಲೋಕದ ಅತಿ ಕುರೂಪವಾದ ಪ್ರಾಣಿಗಳೆಂಬಂತೆ ವರ್ಣಿಸಿ, ವರ್ಣಿಸುತ್ತಲೇ ಮಾರುಹೋದನು.

ಯಂತ್ರದ ಜಾಣ್ಮೆ ಇರುವುದು ಒಂದೇ ಒಂದು ಸಲ ಎತ್ತುವುದರಲ್ಲಿ. ಗೋಪುರದಿಂದ ಹಡಗಿನೊಳಕ್ಕೆ ಇಳಿಬಿಟ್ಟ ಉದ್ದನೆಯ ಕಾಲಿನ ಮೂಲಕ ಧಾನ್ಯವು ಕಟ್ಟಡದ ನೆತ್ತಿಗೇರಿದ ಮೇಲೆ, ಅಲ್ಲಿಂದ ಮುಂದಿನದೆಲ್ಲವೂ ಭೂಮಿಯ ಆಕರ್ಷಣೆಯ ಕೆಲಸ: ತಕ್ಕಡಿಯ ತೊಟ್ಟಿಗೆ ಬೀಳುವುದು, ತೂಗಿದ ಮೇಲೆ ಕೊಳವೆಯಲ್ಲಿ ಜಾರಿ ಬೇಕಾದ ಕಣಜವನ್ನು ಸೇರುವುದು, ಬೇಡಿಕೆ ಬಂದಾಗ ತಳದ ಬಾಗಿಲಿನಿಂದ ಕಾಲುವೆಯ ದೋಣಿಗೆ ಸುರಿಯುವುದು. ಆದರೆ ಧಾನ್ಯವು ನೀರಿನಂತೆ ಹರಿಯುವುದಾದರೂ ನೀರಿನಂತೆ ಸಮವಾಗಿ ನಿಲ್ಲುವುದಿಲ್ಲ. ಬೋಗುಣಿಗಳು ತಮ್ಮ ಸುತ್ತಿನದನ್ನು ತಿಂದು ಮುಗಿಸಿದ ಮೇಲೆ ಹಡಗಿನ ಮೂಲೆಮೂಲೆಗಳಲ್ಲಿ ದಿಬ್ಬಗಳು ಉಳಿಯುತ್ತಿದ್ದುವು. ಅವುಗಳನ್ನು ಕಾಲಿನ ಬುಡಕ್ಕೆ ತಳ್ಳಲು ಸಲಿಕೆ ಹಿಡಿದ ಮನುಷ್ಯನು ಇಳಿಯಲೇಬೇಕಾಯಿತು. ಹೀಗೆ ಬೆನ್ನಿನ ಹೊರೆ ಇಳಿದ ಐರಿಷರು ಹಡಗಿನ ಧೂಳುಗವಿದ ಒಡಲಿನಲ್ಲಿ ಉಳಿದರು. ಅವರಿಗೆ ಕೂಲಿಯು ಸಿಕ್ಕುತ್ತಿದ್ದುದು ಹೆಂಡದಂಗಡಿಗಳ ಮೂಲಕ. ವಿಲಿಯಂ ಕಾನರ್ಸನೆಂಬ ಗುತ್ತಿಗೆದಾರನ ಕೈಕೆಳಗೆ, ಅಂಗಡಿಯಲ್ಲಿ ಕುಡಿಯದವನಿಗೆ ಮಾರನೆಯ ದಿನ ಕೆಲಸವಿಲ್ಲವೆಂಬ ಅಲಿಖಿತ ಶಾಸನವಿದ್ದಿತು. 1899ರಲ್ಲಿ ಅವರು ಹೂಡಿದ ಮುಷ್ಕರಕ್ಕೆ ಕ್ಯಾಥೊಲಿಕ್ ಬಿಷಪ್ ಕ್ವಿಗ್ಲಿಯವರು ಬಹಿರಂಗವಾಗಿ ಬೆಂಬಲವಿತ್ತ ಬಳಿಕವಷ್ಟೇ ಆ ಕಟ್ಟು ಸಡಿಲಿತು. ಹಗ್ಗದಿಂದೆಳೆಯುವ ದೊಡ್ಡ ಸಲಿಕೆಗಳು ಬಂದರೂ ಈ ಕಸುಬು ಇಪ್ಪತ್ತೊಂದನೆಯ ಶತಮಾನದ ಆರಂಭದವರೆಗೆ ಬಫೆಲೋದಲ್ಲಿ ಜೀವಂತವಾಗಿದ್ದಿತು. ರೈಲಿನ ಡಬ್ಬಿಗಳ ಮಟ್ಟಿಗಾದರೋ, ಮುಂದೆ ಕೆನಡಾದ ಸರೋವರ ಬಂದರುಗಳಲ್ಲಿ ಇಡೀ ಡಬ್ಬಿಯನ್ನೇ ಬಿಗಿಹಿಡಿದು, ಪಕ್ಕಕ್ಕೆ ವಾಲಿಸಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಓಲಿಸಿ, ಬಾಗಿಲಿನಿಂದ ಧಾನ್ಯವೆಲ್ಲವನ್ನೂ ಕಕ್ಕಿಸುವ ದೈತ್ಯಯಂತ್ರಗಳು ಬಂದುವು.

ಕಟ್ಟಡಗಳ ಕಥೆಯನ್ನು ಸ್ವಲ್ಪದರಲ್ಲಿ ಹೇಳಬಹುದು. ಮರದ ಹಲಗೆಗಳಿಂದ ಕಟ್ಟಿದ ಮೊದಲಿನ ಎಲಿವೇಟರುಗಳು, ಒಳಗಿನ ಧಾನ್ಯದ ಧೂಳು ಕಿಡಿ ಸೋಂಕಿದರೆ ಸಿಡಿಯುವಂತಹುದಾದುದರಿಂದ, ಒಂದರ ಹಿಂದೊಂದು ಸುಟ್ಟುಹೋದುವು. ಡಾರ್ಟನದೂ ಅದೇ ಗತಿಯನ್ನು ಹೊಂದಿತು. 1899ರಲ್ಲಿ ಫ್ರಾಂಕ್ ಪೀವಿ ಎಂಬ ಧಾನ್ಯವ್ಯಾಪಾರಿಯೂ ಚಾರ್ಲ್ಸ್ ಹ್ಯಾಗ್ಲಿನ್ ಎಂಬ ಕಟ್ಟಡಗಾರನೂ ಮಿನಿಯಾಪೊಲಿಸಿನ ಹತ್ತಿರ ಕಾಂಕ್ರೀಟಿನ ದುಂಡು ಕಣಜವೊಂದನ್ನು ಪರೀಕ್ಷಾರ್ಥವಾಗಿ ಎಬ್ಬಿಸಿದಾಗ, ಬಾಗದ ಗೋಡೆಯು ಬರಿದುಮಾಡುವ ಹೊತ್ತಿಗೆ ಒಡೆಯುವುದು ನಿಶ್ಚಯವೆಂದು ಜನರು ಅದನ್ನು ಪೀವಿಯ ಮರುಳೆಂದು ಕರೆದರು. ಅವರ ಶಂಕೆಯು ಪೂರ್ಣವಾಗಿ ನಿರಾಧಾರವಾಗಿರಲಿಲ್ಲ: ಜಾನ್ಸೆನ್ ಎಂಬ ಜರ್ಮನ್ ಎಂಜಿನಿಯರನು 1895ರಲ್ಲಿ ತೋರಿಸಿದಂತೆ, ಕಣಜದ ಧಾನ್ಯದ ಭಾರವನ್ನು ತಳವೊಂದೇ ಹೊರದೆ, ಘರ್ಷಣೆಯ ಮೂಲಕ ಗೋಡೆಗಳೂ ಹೊರುತ್ತವೆ. ಪೀವಿಯ ಗೋಡೆ ಒಡೆಯಲಿಲ್ಲ. ವಾಲಿದ ಕಣಜವೇನೋ ಒಂದುಂಟು. ವಿನ್ನಿಪೆಗ್ ಬಳಿಯ ಟ್ರಾನ್ಸ್‌ಕೋನಾದಲ್ಲಿ, ಹತ್ತು ಲಕ್ಷ ಬುಷೆಲ್ ಹಿಡಿಯುವ 65 ಕಣಜಗಳ ಮಹಾಸೌಧವು 1913ರ ಅಕ್ಟೋಬರಿನಲ್ಲಿ, ಮೊದಲ ಸಲ ತುಂಬುತ್ತಿರುವಾಗಲೇ, ಕೆಳಗಿನ ಜೇಡಿಮಣ್ಣು ಕುಸಿದು, ಸುಮಾರು 27 ಡಿಗ್ರಿ ಓರೆಯಾಗಿ ನಿಂತುಬಿಟ್ಟಿತು. ಕಾಂಕ್ರೀಟು ಮಾತ್ರ ಒಡೆಯದೆ ಉಳಿದಿದ್ದಿತು. ಧಾನ್ಯವನ್ನು ಖಾಲಿಮಾಡಿ, ಬಂಡೆಯವರೆಗೆ ಕಂಬಗಳನ್ನಿಳಿಸಿ, ಜಾಕುಗಳಿಂದ ಇಡೀ ಸೌಧವನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ ಆ ಕಾರ್ಯವನ್ನು ಅಡಿಪಾಯಶಾಸ್ತ್ರದ ಪಾಠಗಳಲ್ಲಿ ಇಂದಿಗೂ ಹೇಳಿಕೊಡುತ್ತಾರೆ.

ಈ ಎಲ್ಲಕ್ಕಿಂತಲೂ ದೂರಗಾಮಿಯಾದ ಬದಲಾವಣೆಯು ನಡೆದುದು ಷಿಕಾಗೋದಲ್ಲಿ. ಧಾನ್ಯವು ಮೂಟೆಯಲ್ಲಿರುವವರೆಗೆ ಅದಕ್ಕೊಬ್ಬ ಒಡೆಯನಿದ್ದಾನೆ. ರೈತನ ಮೂಟೆಯು ಎಷ್ಟು ಕೈ ದಾಟಿದರೂ ಕೊನೆಯ ಪೇಟೆಯಲ್ಲಿ ಮಾರಾಟವಾಗುವವರೆಗೆ ಅದು ಇಂತಹವನದೆಂದು ಗುರುತಿಸಬಹುದಾಗಿದ್ದಿತು. ಎಲಿವೇಟರಿಗೆ ಮೂಟೆಗಳು ಬೇಡ. ಸುರಿದ ಧಾನ್ಯ ಬೇಕು. ಸುರಿದ ಮೇಲೆ ನನ್ನ ಗೋಧಿ ನಿನ್ನ ಗೋಧಿಯೆಂಬ ಭೇದಕ್ಕೆ ಪ್ರತ್ಯೇಕ ಕಣಜಗಳನ್ನು ಕೊಡುತ್ತ ಹೋಗುವುದು ಅಸಾಧ್ಯ. ಅಲ್ಲಿನ ವರ್ತಕರ ಮಂಡಲಿಯು 1856ರಲ್ಲಿ ಗೋಧಿಯನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಬಳಿಕ ಪ್ರತಿಯೊಂದರಲ್ಲಿಯೂ ಗುಣದ ಮೆಟ್ಟಿಲುಗಳನ್ನು ಗೊತ್ತುಮಾಡಿತು. ರೈತನು ತನ್ನ ಗೋಧಿಯನ್ನು ಒಪ್ಪಿಸಿ ಪಡೆಯುತ್ತಿದ್ದುದು ಒಂದು ರಸೀತಿಯನ್ನು. ಆ ರಸೀತಿಯನ್ನು ತಂದವನಿಗೆ ಅದೇ ದರ್ಜೆಯ ಅಷ್ಟೇ ಗೋಧಿ ಸಿಕ್ಕುವುದು, ಆದರೆ ಅದೇ ಗೋಧಿಯಲ್ಲ. ಧಾನ್ಯವು ಕಣಜದಲ್ಲಿ ಮಲಗಿದ್ದರೆ ಕಾಗದವು ನಾಣ್ಯದಂತೆ ಪೇಟೆಯಲ್ಲಿ ಸಂಚರಿಸತೊಡಗಿತು. ಇನ್ನೂ ಬೆಳೆಯದ ಗೋಧಿಯನ್ನು ಕೊಳ್ಳುವ ಮಾರುವ ವಾಯಿದೆ ವ್ಯಾಪಾರವು ಬೇರೂರಿದುದು ಈ ಕಾಗದದ ಮೇಲೆಯೇ. ನದೀತೀರದ ಸೇಂಟ್ ಲೂಯಿಸ್ ನಗರವು, ಏರಿಳಿಯುವ ನೀರಿನ ಅಂಚಿನಲ್ಲಿ ಮೂಟೆಯೇ ಅನುಕೂಲವೆಂದು ಹಳೆಯ ಕ್ರಮವನ್ನು ಬಿಡದೆ ಹಿಡಿದು, ಗೋಧಿಯ ವ್ಯಾಪಾರದಲ್ಲಿ ಹಿಂದುಳಿಯಿತು.

ನಮ್ಮಲ್ಲಿ ಮೂಟೆಗೆ ದೀರ್ಘಾಯುಷ್ಯ. 1960ರ ದಶಕದಲ್ಲಿ ಅಮೆರಿಕೆಯ ಗೋಧಿಯು ರಾಶಿಯಾಗಿಯೇ ಹಡಗುಗಳಲ್ಲಿ ಬಂದು, ಬೊಂಬಾಯಿಯಂತಹ ಬಂದರುಗಳಲ್ಲಿ ಹೀರುಯಂತ್ರಗಳಿಂದ ಹೊರಬಿದ್ದು, ಕೂಡಲೇ ಗೋಣಿಚೀಲಗಳನ್ನು ಸೇರಿ ಹಮಾಲರ ಬೆನ್ನೇರುತ್ತಿದ್ದಿತು. ಸೆಣಬಿನ ಚೀಲಗಳ ಬಳಕೆಯನ್ನು ಕಡ್ಡಾಯಗೊಳಿಸುವ ಕಾನೂನು 1987ರಲ್ಲಿ ಆಯಿತು. ಸೆಣಬು ಬೆಳೆಯುವವರ ಹಿತದೃಷ್ಟಿಯಿಂದ ಅದು ಸರಿಯೇ ಇರಬಹುದು.

ಷಿಕಾಗೋದಲ್ಲಾದರೋ, ಒಡೆಯನ ಹೆಸರು ಅಳಿದ ಧಾನ್ಯದ ಮೇಲೆ ಕಣಜದವರ ಅಧಿಕಾರವು ಬೆಳೆದುದು ಸಹಜವೇ. ಬಾಡಿಗೆಯನ್ನು ಅವರು ಒಳಗೊಳಗೇ ಮಾತನಾಡಿಕೊಂಡು ಗೊತ್ತುಮಾಡುತ್ತಿದ್ದರು. ಉತ್ತಮ ಗೋಧಿಗೆ ಅಧಮವನ್ನು ದರ್ಜೆ ತಪ್ಪದಷ್ಟು ಮಾತ್ರ ಬೆರಸಿ ಲಾಭ ಮಾಡಿಕೊಳ್ಳುತ್ತಿದ್ದರು. ಮನ್ ಮತ್ತು ಸ್ಕಾಟ್ ಎಂಬ ಸಂಸ್ಥೆಯವರು ಬರಿದಾದ ಕಣಜಗಳ ಬಾಯಿಗೆ ಹಲಗೆ ಹೊದಿಸಿ, ಮೇಲೆ ತೆಳ್ಳಗೆ ಧಾನ್ಯ ಹರಡಿ, ತುಂಬಿದೆಯೆಂದು ತೋರಿಸಿದ್ದುದು 1872ರಲ್ಲಿ ಬಯಲಾಗಿ, ಅವರು ದಿವಾಳಿಯೆದ್ದರು. ಆದರೆ ಅವರ ಹೆಸರು ಉಳಿದುದು ಬೇರೊಂದು ಕಾರಣದಿಂದ. ಇಲಿನಾಯ್ ಪ್ರಾಂತವು 1871ರಲ್ಲಿ ಕಣಜದ ಬಾಡಿಗೆಗೆ ಮಿತಿಯನ್ನು ವಿಧಿಸಿ, ಮೊದಲ ಮೂವತ್ತು ದಿನಗಳಿಗೆ ಬುಷೆಲಿಗೆ ಎರಡು ಸೆಂಟಿಗಿಂತ ಹೆಚ್ಚು ಕೂಡದೆಂದು ಶಾಸನ ಮಾಡಿದ್ದಿತು. ಇದನ್ನು ಪ್ರಶ್ನಿಸಿದ ಅವರ ವ್ಯಾಜ್ಯವು ರಾಷ್ಟ್ರದ ಅತ್ಯುಚ್ಚ ನ್ಯಾಯಾಲಯವನ್ನು ಮುಟ್ಟಿ, 1877ರಲ್ಲಿ ಅವರಿಗೆ ವಿರುದ್ಧವಾಗಿ ತೀರ್ಮಾನವಾಯಿತು. ಸಾರ್ವಜನಿಕ ಹಿತವು ಬೆರೆತ ಸ್ವತ್ತನ್ನು ಸಾರ್ವಜನಿಕರ ಪ್ರತಿನಿಧಿಗಳು ನಿಯಂತ್ರಿಸಬಹುದೆಂದು ಮುಖ್ಯ ನ್ಯಾಯಾಧೀಶ ವೇಯ್ಟ್ ಅವರು ಬರೆದರು. ಭಿನ್ನಾಭಿಪ್ರಾಯವನ್ನು ಬರೆದ ನ್ಯಾಯಾಧೀಶ ಫೀಲ್ಡ್ ಅವರು ಕಣಜದವರ ಸ್ವತ್ತಿನ ಹಕ್ಕನ್ನು ಸಮರ್ಥಿಸಲು ಹೊರಟು, ಸಂವಿಧಾನವು ಕಾಪಾಡುವ ಸ್ವತ್ತೆಂಬುದನ್ನು ಸಂಕುಚಿತವಾಗಿ ಗ್ರಹಿಸಬಾರದೆಂಬುದಕ್ಕೆ ಪೀಠಿಕೆಯಾಗಿ, ಅಲ್ಲಿನ ಜೀವವೆಂಬುದಕ್ಕೂ ಬರಿಯ ಪ್ರಾಣಿಯಂತೆ ಉಸಿರಾಡುವುದಕ್ಕಿಂತ ಹೆಚ್ಚಿನ ಅರ್ಥವಿದೆಯೆಂದು ಪ್ರತಿಪಾದಿಸಿದರು. ಬಾಡಿಗೆಯ ವಾದವು ಅಂದು ಸೋತಿತು. ಪೀಠಿಕೆಯ ಮಾತು ಮಾತ್ರ ಸಮುದ್ರ ದಾಟಿತು. ರಾತ್ರಿಯ ವೇಳೆ ಪೊಲೀಸರು ತನ್ನ ಮನೆಗೆ ಬಂದು ಬಾಗಿಲು ತಟ್ಟುವರೆಂದು ದೂರಿದ ಉತ್ತರಪ್ರದೇಶದ ಖರಕ್ ಸಿಂಗನ ಮೊಕದ್ದಮೆಯಲ್ಲಿ, 1962ರಲ್ಲಿ, ಭಾರತದ ಸರ್ವೋಚ್ಚ ನ್ಯಾಯಾಲಯವು ಫೀಲ್ಡ್ ಅವರ ಆ ಮಾತನ್ನು ಆಧಾರವಾಗಿ ತೆಗೆದುಕೊಂಡು ಅಂತಹ ಭೇಟಿಗಳನ್ನು ಅಸಿಂಧುಗೊಳಿಸಿತು. ಆದರೆ ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ಒಪ್ಪಲಿಲ್ಲ. ಆ ನಿರಾಕರಣೆಯನ್ನು ತೊಡೆದುಹಾಕಿದುದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು. ಅದರಲ್ಲಿಯೂ ಷಿಕಾಗೋದ ಕಣಜದ ವ್ಯಾಜ್ಯದ ಚರ್ಚೆ ಇದೆ.