ನೆರಳನ್ನು ಅಳೆದ ಗಣಿತ: ಮಾನ್ಯಖೇಟ ಮತ್ತು ತ್ರಿಕೋನಮಿತಿ

ಲಂಬಕೋನ ತ್ರಿಭುಜದ ಬಾಹುಗಳ ಅನುಪಾತಗಳು ಇಂದಿನ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಸೈನ್, ಕೊಸೈನ್, ಟ್ಯಾಂಜೆಂಟ್ ಎಂಬ ಹೆಸರುಗಳಿಂದ ಪರಿಚಯವಾಗುತ್ತವೆ. ಕಲಬುರಗಿಯಲ್ಲೋ ಕಮಲಾಪುರದಲ್ಲೋ ಓದುವ ಮಕ್ಕಳಿಗೆ ಇವು ದೂರದೇಶದ ಸರಕೆಂದು ತೋರುವುದು ಸಹಜ. ಆದರೆ ಅದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಈ ಅನುಪಾತಗಳಲ್ಲೊಂದನ್ನು ನಿತ್ಯಬಳಕೆಯ ಲೆಕ್ಕವಾಗಿ ನಿರೂಪಿಸಿದ ಸಂಸ್ಕೃತ ಗ್ರಂಥವೊಂದು ರಚಿತವಾಯಿತು. ಅದು ಜೈನಾಚಾರ್ಯ ಮಹಾವೀರನ 'ಗಣಿತಸಾರಸಂಗ್ರಹ'. ಅದರ ಆರಂಭದಲ್ಲಿ ಸ್ತುತನಾಗಿರುವ ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಿಂದ 878ರವರೆಗೆ ಆಳಿದನು.

ಮಹಾವೀರಾಚಾರ್ಯನು ತ್ರಿಕೋನಮಿತಿಯನ್ನು ಕಂಡುಹಿಡಿದನೆಂದು ಹೇಳುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು. ಕ್ರಿ.ಶ. 499ರ ವೇಳೆಗೇ ಆರ್ಯಭಟನು ತ್ರಿಜ್ಯವನ್ನು 3438 ಕಲೆಗಳೆಂದಿಟ್ಟುಕೊಂಡು 24 ಅರ್ಧಜ್ಯಾಗಳ ಕೋಷ್ಟಕವನ್ನು ನೀಡಿದ್ದನು. ಆ 'ಜ್ಯಾ' ಶಬ್ದವೇ 'ಜೀವಾ' ಎಂಬ ರೂಪದಿಂದ ಅರಬ್ಬೀ ಭಾಷೆಯಲ್ಲಿ 'ಜಿಬ' ಆಯಿತು. ಅದನ್ನು 'ಜೈಬ್' ಎಂದು ಓದಿಕೊಂಡವರು ಮಡಿಲು, ಮಡಿಕೆ ಎಂಬ ಅರ್ಥದ ಲ್ಯಾಟಿನ್ 'ಸೈನಸ್' ಪದಕ್ಕೆ ತಿರುಗಿಸಿದರು. ಇಂದಿನ ಸೈನ್ ಹೀಗೆ ಹೊರಗೆ ಹೋಗಿ ಮರಳಿ ಬಂದ ನಮ್ಮ ಪದವೇ. ಆದರೆ ಅದು ಜ್ಯೋತಿಷಿಗಳ ವೃತ್ತದಲ್ಲಿ ಹುಟ್ಟಿದ್ದು. 'ಗಣಿತಸಾರಸಂಗ್ರಹ'ವು ಜ್ಯೋತಿಷಗ್ರಂಥವಲ್ಲ, ಅದರಲ್ಲಿ ಜ್ಯಾಕೋಷ್ಟಕವಿಲ್ಲ.

ಅದರಲ್ಲಿರುವುದು ನೆರಳು. ಗ್ರಂಥದ ಕೊನೆಯ ಅಧಿಕಾರವೇ ಛಾಯಾವ್ಯವಹಾರ. ಸಮನೆಲದಲ್ಲಿ ನೆಟ್ಟ ಶಂಕು ಒಂದು ಬಾಹು, ಅದರ ನೆರಳು ಇನ್ನೊಂದು. ಶಂಕುವಿನ ತುದಿಯನ್ನೂ ನೆರಳಿನ ತುದಿಯನ್ನೂ ಕೂಡಿಸುವ ರೇಖೆ ಕರ್ಣ. ನೆರಳನ್ನು ಶಂಕುವಿನ ಎತ್ತರದಿಂದ ಭಾಗಿಸಿದರೆ ದೊರೆಯುವ ಲಬ್ಧವು ಸೂರ್ಯನ ಉನ್ನತಿ ಕೋನದ ಕೊಟ್ಯಾಂಜೆಂಟ್. ಶಂಕು ಎಷ್ಟೇ ಎತ್ತರವಿರಲಿ, ಒಂದೇ ಸ್ಥಳದಲ್ಲಿ ಒಂದೇ ಕ್ಷಣಕ್ಕೆ ಆ ಲಬ್ಧ ಬದಲಾಗದು. ಅನುಪಾತದ ತಿರುಳು ಇಷ್ಟೇ.

ಈ ಲಬ್ಧದಿಂದ ಹೊತ್ತನ್ನು ತಿಳಿಯಲು ಆಚಾರ್ಯನು ಸೂತ್ರವೊಂದನ್ನು ಕೊಡುತ್ತಾನೆ: ಲಬ್ಧಕ್ಕೆ ಒಂದನ್ನು ಕೂಡಿಸಿ, ಇಮ್ಮಡಿಸಿ, ಬಂದುದರಿಂದ ಒಂದನ್ನು ಭಾಗಿಸಿದರೆ ಹಗಲಿನಲ್ಲಿ ಕಳೆದ ಅಥವಾ ಉಳಿದ ಭಾಗ ಸಿಗುತ್ತದೆ. ವಿಷುವದ್ದಿನದ ನಡುಹಗಲಿನಲ್ಲಿ ನೆರಳೇ ಬೀಳದ ಸ್ಥಳವನ್ನು ತೆಗೆದುಕೊಳ್ಳೋಣ. ಆ ದಿನ ನೆರಳು ಶಂಕುವಿಗೆ ಸಮವಾದಾಗ ಸೂತ್ರವು ಹಗಲಿನ ಕಾಲುಭಾಗವೆನ್ನುತ್ತದೆ. ಸೂರ್ಯನು 45 ಅಂಶ ಏರಿರುವುದರಿಂದ ಅದು ಪೂರ್ತಿ ಸರಿ. ನೆರಳು ಎರಡರಷ್ಟಾದಾಗ ಸೂತ್ರದ ಉತ್ತರ ಆರನೆಯ ಒಂದು ಭಾಗ, ಅಂದರೆ ಸೂರ್ಯೋದಯದಿಂದ ಎರಡು ಗಂಟೆ. ಕೋನದಿಂದ ಲೆಕ್ಕ ಹಾಕಿದರೆ ಸುಮಾರು 1 ಗಂಟೆ 46 ನಿಮಿಷ. ಹದಿನಾಲ್ಕು ನಿಮಿಷಗಳ ಈ ಅಂತರವೇ ಜ್ಯಾಕೋಷ್ಟಕದ ಬೆಲೆ. ಆದರೆ ಕೋಷ್ಟಕವಿಲ್ಲದವನಿಗೆ ಒಂದು ಕೋಲು ಮತ್ತು ಭಾಗಾಕಾರದಿಂದಲೇ ಹೊತ್ತು ತಿಳಿಯುವಂತಾದುದು ಸೂತ್ರದ ಬೆಲೆ.

ಸ್ಥಳದ ಅಕ್ಷಾಂಶವೂ ನೆರಳಿನಲ್ಲಿಯೇ ಅಡಗಿದೆ. ವಿಷುವದ್ದಿನದ ನಡುಹಗಲಿನಲ್ಲಿ ಹನ್ನೆರಡು ಅಂಗುಲದ ಶಂಕುವಿಗೆ ಕಲಬುರಗಿಯಲ್ಲಿ ಬೀಳುವ ನೆರಳು ಸುಮಾರು 3.74 ಅಂಗುಲ, ಇದನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಅಲ್ಲಿನ ಅಕ್ಷಾಂಶದ ಟ್ಯಾಂಜೆಂಟ್. ದಕ್ಷಿಣದ ಮಳಖೇಡದಲ್ಲಿ ನೆರಳು ಕೂದಲೆಳೆಯಷ್ಟು ಗಿಡ್ಡ, ಉತ್ತರದ ಕಮಲಾಪುರದಲ್ಲಿ ಅಷ್ಟೇ ಉದ್ದ. ಪಠ್ಯಪುಸ್ತಕದ ಅನುಪಾತವನ್ನು ಶಾಲೆಯ ಅಂಗಳದಲ್ಲಿಯೇ ಅಳೆದು ನೋಡಬಹುದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲೇನಿದೆ? ನೃಪತುಂಗನ ಆಸ್ಥಾನವನ್ನು ನಾವು 'ಕವಿರಾಜಮಾರ್ಗ'ದ ಮೂಲಕ ಮಾತ್ರ ನೆನೆಯುತ್ತೇವೆ. ಶಾಸ್ತ್ರವನ್ನು ಪದ್ಯದಲ್ಲಿ ಹೇಳುವ ಮಹಾವೀರಾಚಾರ್ಯನ ಕ್ರಮವು ಪಾವುಲೂರಿ ಮಲ್ಲನನ ಕೈಯಲ್ಲಿ ತೆಲುಗಿಗೆ ಹರಿಯಿತು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿಯೇ ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ 'ಗಣಿತಸಾರಸಂಗ್ರಹ'ವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಅದು ಲೋಕದ ಗಣಿತಜ್ಞರ ಗಮನಕ್ಕೆ ಬಂದಿತು. ರಾಜಾದಿತ್ಯನನ್ನು ಸಾಹಿತ್ಯಚರಿತ್ರೆಯ ಒಂದು ಸಾಲಿಗೆ ಸೀಮಿತಗೊಳಿಸುವುದು ಕನ್ನಡದ ಶಾಸ್ತ್ರಭಾಷೆಯನ್ನೇ ಮರೆತಂತೆ. ಭುಜ, ಕೋಟಿ, ಕರ್ಣಗಳನ್ನು ಅರ್ಥವರಿತು ಬಳಸಬಲ್ಲ ಓದುಗರು ಅವನಿಗಿನ್ನೂ ಬೇಕಾಗಿದ್ದಾರೆ.